ಗುರುತು ಇಲ್ದೇ ಇದ್ದಿದ್ರೆ

"ಈ ಇಂಕಿನ ಗುರುತು ಇಲ್ದೇ ಇದ್ದಿದ್ರೆ ಡಬಲ್ ಕೊಡ್ತಿದ್ದೆ ಸಾರ್."

ಭಾನುವಾರ ಮಧ್ಯಾಹ್ನ ಆ ಹುಡುಗ ಹೇಳಿದ ಮಾತು. ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ. ಅದಕ್ಕೆ ನಮ್ಮ ಅತ್ತೆ ಕೊಟ್ಟ ಉತ್ತರವೂ ಇದೆ. ಬೆಳಿಗ್ಗೆ ಹಾಲು ತರೋಕೆ ಹೋಗುವಾಗ, ಎನ್.ಆರ್. ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವಾಗ, ಅವೇ ಎರಡು ಮಾತು ಒಂದರ ಹಿಂದೆ ಒಂದು ಬರುತ್ತವೆ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ಹಗರೆ ಹತ್ತಿರದ ನಮ್ಮ ಊರಿನ ಹಳೇ ಮನೆ ಬಿಚ್ಚುತ್ತಿದ್ದೇವೆ. ಕೆಡವುತ್ತಿದ್ದೇವೆ ಅನ್ನೋ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಈಗ ಎಷ್ಟೋ ಮನೆಗಳ ಕಥೆ ಇದೇ. ಹೆಂಚು ಒಬ್ಬರಿಗೆ, ತೊಲೆ ಜಂತೆ ಇನ್ನೊಬ್ಬರಿಗೆ, ಕಂಬ ಬಾಗಿಲು ರೆಸಾರ್ಟಿನವರಿಗೆ. ನಮ್ಮ ತೊಟ್ಟಿಯ ನಾಲ್ಕು ಕಂಬಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬಿದ್ದಾಗಿದೆ. ಎಲ್ಲ ಓಡಾಟ ದೊಡ್ಡಪ್ಪನ ಮಗನದು. ನನಗಿಂತ ಆರು ವರ್ಷ ದೊಡ್ಡವನು. ಕೆಟ್ಟವನಲ್ಲ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಬೆಂಚಿನ ಮೇಲೆ ಮಲಗಿದ್ದವನು ಅವನೇ. ಆದರೆ ಯಾವ ವಸ್ತು ಕೈಗೆ ಬಂದರೂ ಮೊದಲು ಅದಕ್ಕೆ ಎಷ್ಟು ಬರುತ್ತೆ ಅಂತ ಕೇಳುತ್ತಾನೆ. ಶುಂಠಿ ಬೆಳೆದು ಎರಡು ಸಲ ಕೈ ಸುಟ್ಟುಕೊಂಡವನು. ಸಾಲ ತೀರಿಸಿ ತೀರಿಸಿ ಬಂದ ಅಭ್ಯಾಸ ಅದು. ನನಗೆ ಹಿಡಿಸುವುದಿಲ್ಲ, ಆದರೂ ಅರ್ಥವಾಗುತ್ತದೆ.

ಆ ಹುಡುಗನನ್ನು ಕರೆಸಿದ್ದೂ ಅವನೇ. ಬೆಂಗಳೂರಿನವನು, ಮೂವತ್ತು ದಾಟಿರಲಿಕ್ಕಿಲ್ಲ. ಹಳೇ ಸಾಮಾನು ಕೊಂಡು ಮಾರುವ ಕೆಲಸ. ಹಿತ್ತಾಳೆ ಹಂಡೆ, ಕೊಳಗ, ಒಂದು ಗೋಡೆ ಗಡಿಯಾರ ನೋಡೋಕೆ ಬಂದಿದ್ದ. ಅಟ್ಟದ ಮೇಲಿಂದ ಕೆಳಗಿಳಿಸಿದ ಸಾಮಾನಿನ ನಡುವೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಅವನ ಕಣ್ಣಿಗೆ ಬಿತ್ತು. ಒಳಗೆ ಕೆಂಪು ಚೌಕದ ತುಂಡು. ಅದರೊಳಗೆ ಹನ್ನೊಂದು ಕಾರ್ಡು. ಎಲ್ಲ ಬೆಂಗಳೂರಿನ ಚಿತ್ರ.

ಅವನು ಕಾರ್ಡು ಮುಟ್ಟಿದ ರೀತಿ ನನಗೆ ಇಷ್ಟವಾಯಿತು, ಅದನ್ನು ಹೇಳದೆ ಇರಬಾರದು. ಕರವಸ್ತ್ರ ತೆಗೆದು ಕೈ ಒರೆಸಿಕೊಂಡ. ಅಂಚು ಮಾತ್ರ ಹಿಡಿದು ಎತ್ತಿದ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ನಾವು ಅಷ್ಟು ಹೊತ್ತು ಅವನ್ನು ಇಸ್ಪೀಟಿನ ಎಲೆ ಹಾಗೆ ಕೈಯಿಂದ ಕೈಗೆ ಕೊಡುತ್ತಿದ್ದೆವು. ತೊಟ್ಟಿಯ ಕಟ್ಟೆ ಮೇಲೆ ಒಂದೊಂದೇ ಸಾಲಾಗಿ ಇಟ್ಟ. ಅಠಾರ ಕಚೇರಿ, ಅದರ ಮುಂದೆ ಕುದುರೆ ಮೇಲೆ ಕೂತ ಕಬ್ಬನ್ ಸಾಹೇಬ. ಸೆಂಟ್ರಲ್ ಕಾಲೇಜು. ಲಾಲ್‌ಬಾಗಿನ ಗಾಜಿನ ಮನೆ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿ. ಸೌತ್ ಪೆರೇಡು, ಅಂದರೆ ಈಗಿನ ಎಂ.ಜಿ. ರಸ್ತೆ. ವಿಕ್ಟೋರಿಯಾ ಆಸ್ಪತ್ರೆ. ಹಲಸೂರು ಕೆರೆ. ರೈಲ್ವೆ ಸ್ಟೇಷನ್ನು. ಹೀಗೆ.

ಹಿಂದೆ ಹಿಗ್ಗಿನ್‌ಬಾಥಮ್ ಅಂಡ್ ಕಂಪನಿ, ಮದ್ರಾಸ್ ಅಂಡ್ ಬ್ಯಾಂಗಲೋರ್ ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. 1905ರಲ್ಲಿ ಇದೇ ಸೌತ್ ಪೆರೇಡಿನಲ್ಲಿ ಅಂಗಡಿ ತೆರೆದ ಪುಸ್ತಕದವರು. ಮುದ್ರಣ ಮಾತ್ರ ಜರ್ಮನಿಯದು ಅಂದ ಹುಡುಗ. ಇಲ್ಲಿಂದ ಕಪ್ಪು ಬಿಳುಪು ಫೋಟೋ ಹಡಗಿನಲ್ಲಿ ಹೋಗುತ್ತಿತ್ತಂತೆ. ಅಲ್ಲಿ ಬಣ್ಣ ಸೇರಿಸಿ ಅಚ್ಚು ಹಾಕಿ ವಾಪಸ್ ಕಳಿಸುತ್ತಿದ್ದರಂತೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಅದು ನಿಂತುಹೋಯಿತು. ಬಣ್ಣ ಹಾಕಿದವರು ಬೆಂಗಳೂರು ಕಂಡವರಲ್ಲ. ಹಾಗಾಗಿ ಅಠಾರ ಕಚೇರಿಯ ಕೆಂಪು ಗೋಡೆ ಇಲ್ಲಿ ಕಿತ್ತಳೆ ಸಿಪ್ಪೆ ಬಣ್ಣ. ಮರಗಳು ನೀಲಿ ಕಲೆಸಿದ ಹಸಿರು. ಆಕಾಶ ಪೂರ್ತಿ ಹಳದಿ.

ಹುಡುಗ ತುಂಬ ತಿಳಿದವನು. ಸ್ಟಾಂಪು ನೋಡಿ, ಐದನೇ ಜಾರ್ಜಿನ ಮೂರು ಪೈ ಬೂದು ಸ್ಟಾಂಪು, 1912ರ ಮೇಲಿನದು ಅಂದ. ಅಂಚೆ ಮುದ್ರೆ ಓದಿದರೆ ಹೌದು, 1912, 1913. ಆಮೇಲೆ ಚಿತ್ರದ ಮೇಲೆ ಬೆರಳು ತೋರಿಸಿದ. ಹನ್ನೊಂದರಲ್ಲೂ ಇಂಕಿನಲ್ಲಿ ಇಂಟು ಗುರುತು ಇತ್ತು. ಕಡಲೆಕಾಳಿಗಿಂತ ಚಿಕ್ಕದು. ಕೆಲವದರಲ್ಲಿ ಬೇರೆ ಗೀಟುಗಳೂ ಇದ್ದವು.

"ಇನ್ನೂ ಹಳೇ ಕಾರ್ಡಾಗಿದ್ರೆ ಪರವಾಗಿಲ್ಲ ಸಾರ್," ಅಂದ. ಮೊದಮೊದಲು ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರವಂತೆ. ಏನಾದರೂ ಬರೆಯಬೇಕೆಂದರೆ ಚಿತ್ರದ ಕಡೆಯೇ, ಸಿಕ್ಕ ಜಾಗದಲ್ಲಿ ಬರೆಯಬೇಕಿತ್ತು. ಬ್ರಿಟನ್ನಿನಲ್ಲಿ 1902ರಲ್ಲಿ ಹಿಂಬದಿಗೆ ನಡುವೆ ಗೀಟು ಹಾಕಿ ಎರಡು ಭಾಗ ಮಾಡಿದರು. ಬಲಕ್ಕೆ ವಿಳಾಸ, ಎಡಕ್ಕೆ ಒಕ್ಕಣೆ. ಉಳಿದ ಕಡೆಗೂ ಅದೇ ಬಂತು. "ಇವರಿಗೆ ಹಿಂದೆ ಅಷ್ಟು ಜಾಗ ಇತ್ತು. ಅಲ್ಲಿ ಏನೂ ಬರೆದಿಲ್ಲ. ಮುಂದೆ ಬಂದು ಚಿತ್ರದ ಮೇಲೆ ಗೀಚಿದಾರೆ. ನಮ್ಮ ಲೈನಲ್ಲಿ ಇದನ್ನ ಡ್ಯಾಮೇಜ್ ಅಂತೀವಿ." ಹೌದು, ಹಿಂದೆ ಎಡಭಾಗ ಖಾಲಿ. ಎಲ್ಲದರಲ್ಲೂ ಒಂದೇ ಒಂದು ಪದ, ಕ್ಷೇಮ.

ಒಂದು ಕಾರ್ಡಿಗೆ ಮುನ್ನೂರು ಅಂದ. ಹನ್ನೊಂದಕ್ಕೆ ಮೂರು ಸಾವಿರದ ಮುನ್ನೂರು. ಅಣ್ಣ ಆಗಲೇ ಡಬ್ಬಿ ಮುಚ್ಚಳ ಕೈಗೆತ್ತಿಕೊಂಡಿದ್ದ. ಆಗ ಬಂತು ಆ ಮಾತು. ಗುರುತು ಇಲ್ದೇ ಇದ್ದಿದ್ರೆ ಡಬಲ್ ಕೊಡ್ತಿದ್ದೆ ಸಾರ್.

ನಮ್ಮ ಅತ್ತೆಗೆ ಎಂಬತ್ತಾರು. ಮನೆ ಬಿಚ್ಚುವ ಮೊದಲು ಒಂದು ಸಲ ನೋಡಬೇಕು ಅಂತ ಹಟ ಮಾಡಿ ಬಂದಿದ್ದರು. ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು. ನಿದ್ದೆ ಬಂದಿದೆ ಅಂದುಕೊಂಡಿದ್ದೆವು. ಕಣ್ಣು ಬಿಡದೆಯೇ ಕೇಳಿದರು.

"ಗುರುತು ಇಲ್ದೇ ಇದ್ದಿದ್ರೆ ನಾವ್ಯಾಕಪ್ಪ ಇಟ್ಕೊಳ್ತಿದ್ವಿ?"

ಯಾರೂ ಮಾತಾಡಲಿಲ್ಲ. ಮೇಲೆ ಹೆಂಚು ಇಳಿಸುತ್ತಿದ್ದ ಆಳುಗಳ ಸದ್ದು ಮಾತ್ರ. ನಾನು ಐವತ್ತೆಂಟು ವರ್ಷದವನು. ಚಿಕ್ಕವನಾಗಿದ್ದಾಗಿಂದ ಆ ಡಬ್ಬಿ ನೋಡಿದ್ದೇನೆ. ಆ ಗುರುತು ಏನು ಅಂತ ಒಂದು ದಿನ ಕೇಳಿರಲಿಲ್ಲ.

ಅತ್ತೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಕಾರ್ಡು ಕಳಿಸಿದವನು ನಮ್ಮ ತಾತನ ಅಣ್ಣ, ಅತ್ತೆಗೆ ದೊಡ್ಡಪ್ಪ. ಸೆಂಟ್ರಲ್ ಕಾಲೇಜಿನಲ್ಲಿ ಓದೋಕೆ ಹೋಗಿದ್ದ. ಆಗ ಮೈಸೂರು ವಿಶ್ವವಿದ್ಯಾನಿಲಯ ಇರಲಿಲ್ಲ, ಅದು 1916ರದು. ಪರೀಕ್ಷೆ ಎಲ್ಲ ಮದ್ರಾಸಿನ ಲೆಕ್ಕ. ಹಾಸನಕ್ಕೆ ರೈಲೂ ಇರಲಿಲ್ಲ. ಅರಸೀಕೆರೆಯವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು. ಬೆಂಗಳೂರಲ್ಲಿ ಇಳಿದ ಮೊದಲ ರಾತ್ರಿ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಮಲಗಿದ್ದನಂತೆ. ಆಮೇಲೆ ಚಿಕ್ಕಪೇಟೆಯಲ್ಲಿ ಪರಿಚಯದವರ ಮನೆಯ ಒಂದು ಕೋಣೆ.

ಅಪ್ಪನಿಗೆ ಅವನು ಕಾಗದ ಬರೆಯುತ್ತಿದ್ದ. ಫೀಸು, ಪುಸ್ತಕ, ಅಕ್ಕಿ ದುಡ್ಡು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬಂದ ಕಾಗದವನ್ನು ಗಂಡ ಓದಿ ಹೇಳಬೇಕು. ಅವರೋ ಮಾತು ಕಡಿಮೆ. ಎರಡು ಪುಟ ಓದಿ, "ಚೆನ್ನಾಗಿದಾನಂತೆ" ಅಂತ ಹೇಳಿ ಎದ್ದು ಹೋಗುವವರು. ಅವರಿಲ್ಲದಾಗ ಶಾನುಭೋಗರ ಮನೆಗೆ ಹೋಗಬೇಕು. ಅಲ್ಲಿ ಓದಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮಗ ಊಟ ಮಾಡಿದನೋ ಇಲ್ಲವೋ ಅಂತ ಇನ್ನೊಬ್ಬರ ಬಾಯಲ್ಲಿ ಕೇಳೋದು ಮುತ್ತಜ್ಜಿಗೆ ಇಷ್ಟವಿರಲಿಲ್ಲವಂತೆ.

ಮೊದಲನೇ ರಜೆಗೆ ಬಂದಾಗ ಅಮ್ಮ ಮಗ ಸೇರಿ ಈ ಉಪಾಯ ಮಾಡಿಕೊಂಡರು. ಚಿತ್ರದ ಕಾರ್ಡು ಕಳಿಸೋದು. ಅವನು ಎಲ್ಲಿ ನಿಂತಿದ್ದನೋ ಅಲ್ಲಿ ಇಂಟು ಗುರುತು. ಅಷ್ಟು ಸಾಕು. ಯಾರೂ ಓದಿ ಹೇಳಬೇಕಾಗಿಲ್ಲ. ಅಂಚೆಯವನು ತಂದುಕೊಟ್ಟ ತಕ್ಷಣ ಅಮ್ಮನೇ ನೋಡಿಕೊಳ್ಳಬಹುದು. ನಮ್ಮ ಸೀಮೆಯಲ್ಲಿ ಇವತ್ತಿಗೂ ಅಂಚೆ ಅಂತಲೇ ಅನ್ನುತ್ತೇವಲ್ಲ, ಮಹಾರಾಜರ ಕಾಲದ ಆ ಅಂಚೆ 1889ರಲ್ಲೇ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗಿತ್ತು. ಕಾಲಾಣೆ ಕಾಲ ಅದು. ಒಂದು ಸರ್ಕಾರಿ ಕಾರ್ಡಿನ ಬೆಲೆ ಅಷ್ಟೇ. ಚಿತ್ರದ ಕಾರ್ಡಿಗೆ ಅದಕ್ಕಿಂತ ಜಾಸ್ತಿ ಕೊಡಬೇಕಿತ್ತು. ಒಂದು ಹೊತ್ತಿನ ತಿಂಡಿ ಬಿಟ್ಟು ಕೊಳ್ಳುತ್ತಿದ್ದ ಅಂತ ಮುತ್ತಜ್ಜಿ ಆಮೇಲೆ ತಿಳಿದು ಅತ್ತರಂತೆ.

ಅತ್ತೆ ಒಂದೊಂದೇ ಕಾರ್ಡು ಎತ್ತಿ ತೋರಿಸಿದರು. ಸೆಂಟ್ರಲ್ ಕಾಲೇಜಿನ ಒಂದು ಕಿಟಕಿಯ ಮೇಲೆ ಇಂಟು. ಅದು ಅವನು ಕೂರುತ್ತಿದ್ದ ಕ್ಲಾಸು. ಸೌತ್ ಪೆರೇಡಿನ ಚಿತ್ರದಲ್ಲಿ ರಸ್ತೆ ಬದಿ ಒಂದು ಇಂಟು, ಪಕ್ಕದ ಕಂಬದ ದೀಪದ ಸುತ್ತ ಚಿಕ್ಕ ಚಿಕ್ಕ ಗೀಟು, ಮಕ್ಕಳು ಸೂರ್ಯನಿಗೆ ಹಾಕುವ ಹಾಗೆ. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಎಣ್ಣೆ ಹಾಕದೆ ಉರಿಯುವ ದೀಪ ಇದೆ ಅಂತ ರಜೆಯಲ್ಲಿ ಹೇಳಿದ್ದ. ಅಮ್ಮ ನಂಬಿರಲಿಲ್ಲ. ಅದಕ್ಕೆ ಈ ಕಾರ್ಡು.

ಆಮೇಲೆ ವಿಕ್ಟೋರಿಯಾ ಆಸ್ಪತ್ರೆಯ ಚಿತ್ರ. ಇದರಲ್ಲಿ ಗುರುತು ಚಿತ್ರದ ಒಳಗೆ ಇರಲಿಲ್ಲ. ಬಲಗಡೆಯ ಬಿಳಿ ಅಂಚಿನ ಮೇಲಿತ್ತು. ಹುಡುಗ, "ಪೆನ್ನು ಬರುತ್ತಾ ಅಂತ ಗೀಚಿ ನೋಡಿರ್ತಾರೆ ಅಲ್ವಾ" ಅಂದ.

ಅತ್ತೆ ತಲೆಯಾಡಿಸಿದರು. "ಅದು ಅವರಿದ್ದ ಮನೆ ಕಣಪ್ಪ. ಮನೆ ಚಿತ್ರದಲ್ಲಿಲ್ಲ. ಇಲ್ಲಿಂದ ಹೀಗೆ ಈ ಕಡೆ ಹೋದ್ರೆ ಇದೆ ಅಂತ."

ನನಗೆ ಮೈ ಜುಂ ಅಂದಿತು. ಆ ಹುಡುಗ ಕೂಡ ಕಾರ್ಡು ತೆಗೆದುಕೊಂಡು ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, ಪೇಟೆಯ ಗಲ್ಲಿಗಳ ಕಾರ್ಡು ಸಿಗೋದು ಕಷ್ಟ ಅಂತ. ಈ ಕಾರ್ಡು ಜಾಸ್ತಿ ಕೊಳ್ಳುತ್ತಿದ್ದವರು ದಂಡಿನ ಕಡೆಯ ಬಿಳಿಯರು. ಮನೆಗೆ, ಇಂಗ್ಲೆಂಡಿಗೆ ಕಳಿಸೋಕೆ. ಅವರಿಗೆ ಬೇಕಾದದ್ದು ಸೌತ್ ಪೆರೇಡು, ಚರ್ಚು, ಕ್ಲಬ್ಬು, ಪಾರ್ಕು, ರಾಣಿ. ಚಿಕ್ಕಪೇಟೆಯ ಓಣಿ ಯಾರಿಗೆ ಬೇಕು? ಹಳ್ಳಿಯಿಂದ ಓದೋಕೆ ಬಂದ ಹುಡುಗ ಅಂಗಡಿಯಲ್ಲಿ ಕಾರ್ಡಿನ ಕಟ್ಟು ತಿರುವಿ ತಿರುವಿ ನೋಡಿರಬೇಕು. ತಾನು ಮಲಗುವ ಜಾಗ ಒಂದರಲ್ಲೂ ಇಲ್ಲ. ಹತ್ತಿರದ್ದು ಅಂದರೆ ಆಸ್ಪತ್ರೆ. ಅದನ್ನೇ ಕೊಂಡ. ಅಂಚಿನಲ್ಲಿ ಗುರುತು ಹಾಕಿದ. ಊರಲ್ಲಿ ಕೂತ ಅಮ್ಮನಿಗೆ ಅದು ಅರ್ಥವಾಯಿತು. ಆಸ್ಪತ್ರೆ ಚಿತ್ರ ನೋಡಿ ಆಕೆ ಹೆದರಲಿಲ್ಲವೇ ಅಂತ ಕೇಳಿದೆ. ಅದು ಆಸ್ಪತ್ರೆ ಅಂತ ಆಕೆಗೆ ಗೊತ್ತೇ ಇರಲಿಲ್ಲವಂತೆ. ಅಷ್ಟು ದೊಡ್ಡ ಕಟ್ಟಡ, ಅರಮನೆ ಅಂದುಕೊಂಡಿದ್ದರಂತೆ. ಮಗ ಅರಮನೆ ಪಕ್ಕದಲ್ಲಿದ್ದಾನೆ ಅಂತ ಖುಷಿಯಾಗಿದ್ದರಂತೆ.

ರೈಲ್ವೆ ಸ್ಟೇಷನ್ನಿನ ಕಾರ್ಡು ಕೊನೆಯದು. ಅದರಲ್ಲಿ ಇಂಟು ಇತ್ತು, ಅದರಿಂದ ಹೊರಟ ಒಂದು ಬಾಣ, ಬಾಣದ ಪಕ್ಕ ಐದು ಚುಕ್ಕೆ. ಐದು ದಿನಕ್ಕೆ ಬರುತ್ತೇನೆ ಅಂತ. ಮುತ್ತಜ್ಜಿ ಯಾರನ್ನೂ ಕೇಳಲಿಲ್ಲ. ಬೆರಳು ಮಡಚಿ ಎಣಿಸಿ, ಸರಿಯಾದ ದಿನಕ್ಕೆ ಅರಸೀಕೆರೆಗೆ ಗಾಡಿ ಕಟ್ಟಿಸಿದರು. ಆದರೆ ಆಕೆ ಎಣಿಸಿದ್ದು ಕಾರ್ಡು ಕೈಗೆ ಬಂದ ದಿನದಿಂದ. ಅವನು ಚುಕ್ಕೆ ಇಟ್ಟದ್ದು ಅಂಚೆಗೆ ಹಾಕಿದ ದಿನದಿಂದ. ಪುಸ್ತಕದ ಟ್ರಂಕಿನ ಮೇಲೆ ಕೂತು ಎರಡು ರಾತ್ರಿ ಅರಸೀಕೆರೆ ಸ್ಟೇಷನ್ನಿನಲ್ಲಿ ಕಾದನಂತೆ. ಬಂದ ಗಾಡಿಯವನನ್ನು ಬೈಯಲಿಲ್ಲವಂತೆ. ಅಮ್ಮ ಚುಕ್ಕೆ ಲೆಕ್ಕ ಹಾಕಿದಳಾ ಅಂತ ಮಾತ್ರ ಕೇಳಿದನಂತೆ.

ಇದನ್ನು ಹೇಳುವಾಗ ಅತ್ತೆ ನಗುತ್ತಿದ್ದರು. ಅವರು ಹುಟ್ಟುವುದಕ್ಕೂ ಕಾಲು ಶತಮಾನದ ಹಿಂದಿನ ಮಾತು. ಆ ದೊಡ್ಡಪ್ಪನನ್ನು ಅವರು ನೋಡಿಯೇ ಇಲ್ಲ. ಸರ್ಕಾರದ ಗುಮಾಸ್ತೆ ಕೆಲಸ ಸಿಕ್ಕಿ, ಊರೂರು ತಿರುಗಿ, ನಲವತ್ತು ತುಂಬುವುದರೊಳಗೆ ಹೋಗಿಬಿಟ್ಟರು. ಅಪ್ಪನಿಗೆ ಬರೆದ ಕಾಗದಗಳಲ್ಲಿ ಒಂದೂ ಉಳಿದಿಲ್ಲ. ಅಷ್ಟು ಅಕ್ಷರ ಎಲ್ಲಿ ಹೋಯಿತೋ. ಉಳಿದದ್ದು ಅಕ್ಷರ ಇಲ್ಲದ ಈ ಹನ್ನೊಂದು ಮಾತ್ರ. ಮುತ್ತಜ್ಜಿ ಮಧ್ಯಾಹ್ನ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಡಬ್ಬಿ ಬಿಚ್ಚುತ್ತಿದ್ದರು. ಮಗುವಿನ ಬೆರಳು ಹಿಡಿದು ಗುರುತಿನ ಮೇಲೆ ಇಡಿಸುತ್ತಿದ್ದರು. ಬೆಂಗಳೂರನ್ನೇ ನೋಡದ ಹೆಂಗಸು ಮೊಮ್ಮಗಳಿಗೆ ಬೆಂಗಳೂರು ತೋರಿಸುತ್ತಿದ್ದರು.

ಕೊನೆಗೆ ಒಂದು ಸಲ ನೋಡಿದರು. 1948ರಲ್ಲಿ. ನೋಡಿದರು ಅನ್ನಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ನೆರಳಿನ ಹಾಗೆ ಕಾಣುತ್ತಿದ್ದ ಕಾಲ. ಆಪರೇಷನ್ನಿಗೆ ಅಂತ ತಾತ ಅವರನ್ನು ಮಿಂಟೋ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಅತ್ತೆಗೆ ಆಗ ಒಂಬತ್ತು ವರ್ಷ. ಅಜ್ಜಿಯ ಕೈ ಹಿಡಿದುಕೊಳ್ಳೋಕೆ ಒಬ್ಬರು ಬೇಕು ಅಂತ ಜೊತೆಗೆ ಕರೆದರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮುತ್ತಜ್ಜಿ ಹಟ ಹಿಡಿದರಂತೆ. ಕಣ್ಣು ಬರುತ್ತೋ ಹೋಗುತ್ತೋ, ಮೊದಲು ಕುದುರೆ ಹತ್ತಿರ ಕರೆದುಕೊಂಡು ಹೋಗು ಅಂತ. ತಾತನಿಗೆ ಯಾವ ಕುದುರೆ ಅಂತ ಅರ್ಥವಾಗಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಆಯಿತು. ಜಟಕಾ ಮಾಡಿಕೊಂಡು ಅಠಾರ ಕಚೇರಿಗೆ ಹೋದರು. ವಿಧಾನಸೌಧ ಇನ್ನೂ ಇರಲಿಲ್ಲ. ಅದರ ಶಂಕುಸ್ಥಾಪನೆಯೇ 1951ರಲ್ಲಿ. ಅತ್ತೆಗೆ ಆಚೆ ಬದಿಯ ಬಯಲು ನೆನಪಿದೆ. ಅದಕ್ಕಿಂತ ಚೆನ್ನಾಗಿ ನೆನಪಿರುವುದು ಆಕಾಶ. ಗಾಡಿಯಿಂದ ಇಳಿದವರೇ ತಲೆ ಎತ್ತಿ ನೋಡಿದರಂತೆ. ಹಳದಿ ಇರಲಿಲ್ಲ. ನಮ್ಮೂರಿನ ಹಾಗೆಯೇ ನೀಲಿ. ಅಳು ಬಂತು ಅಂದರು. ಎಂಬತ್ತಾರನೇ ವಯಸ್ಸಿನಲ್ಲೂ ಅದನ್ನು ಹೇಳುವಾಗ ಮುಖ ಸಣ್ಣದಾಯಿತು.

ಮುತ್ತಜ್ಜಿ ಮಾತ್ರ ನೇರ ನಡೆದರಂತೆ. ಕಾಣದ ಕಣ್ಣು, ಕೈಯಲ್ಲಿ ಮೊಮ್ಮಗಳ ಕೈ. "ಎಡಕ್ಕೆ ಕುದುರೆ ಕಾಲು ಇರಬೇಕು ನೋಡೇ. ಅದರಿಂದ ಎರಡು ಮಾರು ಈಚೆಗೆ." ಅಳತೆ ಮಾಡಿದ ಹಾಗೆ ಹೋಗಿ ನಿಂತರು. ಚಪ್ಪಲಿ ಬಿಟ್ಟರು. ತಾತ ಛತ್ರಿ ಹಿಡಿದರು. ಎಷ್ಟು ಹೊತ್ತು ನಿಂತಿದ್ದರು ಅಂತ ಕೇಳಿದೆ. ಜಟಕಾದವನು ಎರಡು ಸಲ ಕರೆದ ಅಂದರು ಅತ್ತೆ. ಮುತ್ತಜ್ಜಿ ಏನಾದರೂ ಹೇಳಿದರಾ ಅಂತ ಕೇಳಿದೆ. ಏನೂ ಇಲ್ಲ. ನೆಲ ಬಿಸಿ ಇದೆ ಅಂದರಂತೆ, ಅಷ್ಟೇ.

ಇಷ್ಟು ಕೇಳಿದ ಮೇಲೆ ಮಾರುವ ಮಾತೇ ಇಲ್ಲ. ಹುಡುಗನೂ ಮತ್ತೆ ಕೇಳಲಿಲ್ಲ. ಹಂಡೆ, ಕೊಳಗದ ದುಡ್ಡು ಎಣಿಸಿ ಕೊಟ್ಟು, ಕಾರ್ಡುಗಳ ಫೋಟೋ ತೆಗೆದುಕೊಳ್ಳಲಾ ಅಂತ ಅತ್ತೆಯನ್ನೇ ಕೇಳಿದ. ಹೋಗುವಾಗ ಅವರ ಕಾಲು ಮುಟ್ಟಿದ. ಡ್ಯಾಮೇಜ್ ಅನ್ನೋ ಮಾತು ಅವನದಲ್ಲ, ಅವನ ವ್ಯಾಪಾರದ್ದು ಅಂತ ಈಗ ಅನಿಸುತ್ತಿದೆ. ಆದರೂ ಆ ಮಾತು ನನ್ನನ್ನು ಬಿಡುತ್ತಿಲ್ಲ. ಯಾಕೆಂದರೆ ಅತ್ತೆ ಬಾಯಿ ತೆಗೆಯದೇ ಇದ್ದಿದ್ದರೆ ನಾನೂ ಕೊಟ್ಟುಬಿಡುತ್ತಿದ್ದೆ. ಮುನ್ನೂರರ ಬದಲು ನಾಲ್ಕುನೂರು ಮಾಡಿಕೊಳ್ಳಿ ಅಂತ ಕೇಳುವವನಿದ್ದೆ. ಆ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು.

ಈ ಕಾರ್ಡುಗಳು ಯಾರಿಗೆ ಬೇಕು ಅಂತ ಕೇಳಿದ್ದೆ ಅವನನ್ನು. ಕಾಫಿ ಅಂಗಡಿಗೆ, ಹೋಟೆಲಿಗೆ, ಆಫೀಸಿನ ಗೋಡೆಗೆ ಅಂದ. ದೊಡ್ಡದು ಮಾಡಿಸಿ ಫ್ರೇಮ್ ಹಾಕುತ್ತಾರಂತೆ. ಹಳೇ ಬೆಂಗಳೂರು ಅಂದರೆ ಜನ ಮುಗಿಬೀಳುತ್ತಾರಂತೆ. ನಾನೂ ನೋಡಿದ್ದೇನೆ. ಅಂಥ ಚಿತ್ರದ ಕೆಳಗೆ ಕೂತು ಕಾಫಿ ಕುಡಿದಿದ್ದೇನೆ. ರಸ್ತೆ ಎಷ್ಟು ಖಾಲಿ, ಮರ ಎಷ್ಟು, ಎಷ್ಟು ಚೆನ್ನಾಗಿತ್ತು ಅಂತ ಎಲ್ಲರ ಹಾಗೆ ನಿಟ್ಟುಸಿರು ಬಿಟ್ಟಿದ್ದೇನೆ. ಆ ಖಾಲಿ ರಸ್ತೆಯಲ್ಲಿ ನಮ್ಮ ಮನೆಯವನೊಬ್ಬ ನಿಂತಿದ್ದ. ತಿಂಡಿ ಬಿಟ್ಟು ಹಸಿದಿದ್ದ. ಅವನಿಗೆ ಅದು ಖಾಲಿ ರಸ್ತೆ ಆಗಿರಲಿಕ್ಕಿಲ್ಲ. ಹಗರೆಯಿಂದ ಹೋದ ಹುಡುಗನಿಗೆ ಅದು ತುಂಬಿ ತುಳುಕುವ ಊರು. ಪೇಟೆಯಲ್ಲಿ ನೂಕುನುಗ್ಗಲು, ಭಾಷೆ ನಾಲ್ಕು, ರಾತ್ರಿಯೂ ಬೆಳಕು. ಅವನ ಪೇಟೆಯನ್ನು ಯಾರೂ ಕಾರ್ಡು ಮಾಡಲಿಲ್ಲ. ಮಾಡಿದ ಬೀದಿಗಳನ್ನೇ ನಾವು ಹಳೇ ಬೆಂಗಳೂರು ಅನ್ನುತ್ತಿದ್ದೇವೆ. ಎಂಥಾ ಅನ್ಯಾಯ ಅಲ್ವಾ?

ನಮ್ಮ ಬೇಲೂರು ಹಳೇಬೀಡಿನ ಕಥೆ ಬೇರೆ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಬೇಲೂರಿನ ಗೋಪುರದ ಮುಂದೆ ಹುಡುಗರು ಕಾರ್ಡಿನ ಕಟ್ಟು ಮಾರುತ್ತಿದ್ದರು. ಮುಚ್ಚಿದರೆ ಪುಸ್ತಕ, ಬಿಡಿಸಿದರೆ ಮಾಲೆ. ದರ್ಪಣಸುಂದರಿ, ನರಸಿಂಹ, ನಕ್ಷತ್ರದ ಜಗಲಿ. ಮನುಷ್ಯರು ಒಬ್ಬರೂ ಇಲ್ಲದ ಹೊತ್ತು ನೋಡಿ ತೆಗೆದ ಚಿತ್ರಗಳು. ಆ ಜಗಲಿ ಮೇಲೆ ನಾವು ಎಷ್ಟು ಸಲ ಬುತ್ತಿ ಬಿಚ್ಚಿ ಉಂಡಿದ್ದೇವೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಪೇಪರಿನಲ್ಲಿ ಬಂದ ಫೋಟೋದಲ್ಲೂ ಯಾರೂ ಇರಲಿಲ್ಲ. ಆ ಕಟ್ಟು ಒಂದು ಈಗ ಸಿಕ್ಕರೆ ನಾನು ಕೂತು ಗುರುತು ಹಾಕುತ್ತೇನೆ. ಅಮ್ಮ ಇಲ್ಲಿ ಕಾಲು ಚಾಚಿ ಕೂತಿದ್ದಳು, ಬುತ್ತಿಯನ್ನ ಇಲ್ಲಿ ಚೆಲ್ಲಿತ್ತು ಅಂತ.

ನಮ್ಮ ಕಡೆಯಿಂದ ಬ್ಯಾಗು ಹಿಡಿದು ಹೊರಟವರು ಇವತ್ತಿಗೂ ಇಳಿಯುವುದು ಬೆಂಗಳೂರಲ್ಲೇ. ನನ್ನ ಮಗಳೂ ಅಲ್ಲೇ ಇದ್ದಾಳೆ, ನಾಲ್ಕು ವರ್ಷವಾಯಿತು. 2017ರಲ್ಲಿ ಕುಣಿಗಲ್ ಮೇಲಿನ ಲೈನು ಶುರುವಾದ ಮೇಲೆ ಅರಸೀಕೆರೆ ಸುತ್ತುವುದು ತಪ್ಪಿದೆ. ಬೆಳಿಗ್ಗೆ ಇಲ್ಲಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ. ಸೋಮವಾರ ಅವಳಿಗೆ ಕುದುರೆ ಕಾರ್ಡಿನ ಫೋಟೋ ಕಳಿಸಿ, ಆಫೀಸು ಮುಗಿಸಿ ಒಂದು ಸಲ ಹೋಗಿ ನೋಡು ಮಗಾ ಅಂದೆ. ಮಂಗಳವಾರ ಸಂಜೆ ಹೋದಳು. ಅಠಾರ ಕಚೇರಿ ಗಟ್ಟಿಯಾಗಿ ನಿಂತಿದೆ. 1868ರ ಕಟ್ಟಡ. ಎಂಬತ್ತರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ನಡೆದಾಗ ಜನ ಕೋರ್ಟಿಗೆ ಹೋಗಿ ಜಗಳ ಆಡಿದ್ದರು. ಪುಣ್ಯಾತ್ಮರು. ಈಗ ಅದೇ ಹೈಕೋರ್ಟು. ಸುಮ್ನೆ ಒಳಗೆ ಹೋಗೋಕೆ ಆಗುವುದಿಲ್ಲ, ಬೇಲಿಯ ಆಚೆ ನಿಂತೆ ಅಂದಳು. ಕುದುರೆಯಂತೂ ಅಲ್ಲಿಲ್ಲ. 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಸಾಗಿಸಿದ್ದಾರೆ. ಫೋಟೋ ಕಳಿಸಿದಳು. ಮರ, ಬೇಲಿ, ಅದರ ಸಂದಿಯಲ್ಲಿ ಕೆಂಪು ಗೋಡೆ, ಮೂಲೆಯಲ್ಲಿ ಅವಳ ಅರ್ಧ ಮುಖ.

ನಿನ್ನೆ ರಾತ್ರಿ ಊಟವಾದ ಮೇಲೆ ಅತ್ತೆಗೆ ಅದನ್ನು ತೋರಿಸಿದೆ. ಅವರು ಈಗ ಹಾಸನದಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ಡಬ್ಬಿ ಅವರ ತಲೆದಿಂಬಿನ ಪಕ್ಕ. ಫೋನನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿದರು. ಕುದುರೆ ತೆಗೆದುಬಿಟ್ಟರಾ ಅಂತ ಎರಡು ಸಲ ಕೇಳಿದರು. ಆಮೇಲೆ ಕುದುರೆಯ ಕಾರ್ಡು ತೆಗೆದು ತೊಡೆ ಮೇಲೆ ಇಟ್ಟುಕೊಂಡು ಕೈ ಚಾಚಿದರು.

"ಪೆನ್ನು ಕೊಡು."

"ಯಾಕೆ ಅತ್ತೆ?"

"ಅಜ್ಜಿ ಎಲ್ಲಿ ನಿಂತಿದ್ರು ಅಂತ ಇನ್ಯಾರಿಗೆ ಗೊತ್ತು? ನಾನೂ ಹೋದ್ಮೇಲೆ?"

ಜೇಬಿನಲ್ಲಿ ಪೆನ್ನಿತ್ತು. ಆದರೂ ಕೈ ಒಂದು ಗಳಿಗೆ ತಡೆಯಿತು. ನೂರು ವರ್ಷ ದಾಟಿದ ಕಾರ್ಡು, ಇದರ ಮೇಲೆ ಬಾಲ್ ಪೆನ್ನಾ ಅಂತ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕ್ಯಾಪು ತೆಗೆದು ಕೊಟ್ಟೆ.

ಹಳೇ ಗುರುತಿನ ಪಕ್ಕ, ತಾಗುವಷ್ಟು ಹತ್ತಿರ, ಒಂದು ಇಂಟು ಹಾಕಿದರು. "ಅಜ್ಜಿ." ಸ್ವಲ್ಪ ಹಿಂದೆ ಒಂದು. "ನಮ್ಮಪ್ಪ, ಛತ್ರಿ ಹಿಡ್ಕೊಂಡು." ಕೈ ನಡುಗುತ್ತಿತ್ತು, ಮೂರನೆಯದರ ಗೀಟು ಜಾರಿ ಕುದುರೆಯ ಬಾಲದವರೆಗೆ ಹೋಯಿತು. "ಇದು ನಾನು." ಪೆನ್ನು ವಾಪಸ್ ಕೊಡುತ್ತಾರೆ ಅಂದುಕೊಂಡೆ. ಕೊಡಲಿಲ್ಲ. ಫೋನ್ ಇನ್ನೊಂದು ಸಲ ತೋರಿಸು ಅಂದರು.

"ಇವಳನ್ನ ಒಳಗೆ ಬಿಡ್ಲಿಲ್ಲ ಅಲ್ವಾ," ಅಂದರು. ಕಾರ್ಡು ತಿರುಗಿಸಿ ಹಿಡಿದು, ಬಿಳಿ ಅಂಚಿನ ಮೇಲೆ ನಾಲ್ಕನೆಯದನ್ನು ಹಾಕಿದರು.